ಬೆಳ್ಳಗಿರುವುದೆಲ್ಲ ಹಾಲಲ್ಲ: ಜಿಯೋಲೈಟ್, ಬಿಸಿಲು ಮತ್ತು ಇಂಗಾಲದ ಲೆಕ್ಕ

ಕುಮಟಾ, ಹೊನ್ನಾವರ ತಾಲ್ಲೂಕುಗಳ ಹಿನ್ನೀರಿನ ಬದಿಯಲ್ಲಿ ಸಿಗಡಿ ಕೃಷಿ ಮಾಡುವವರಿಗೆ ಜಿಯೋಲೈಟ್ ಎಂಬ ಹೆಸರು ಹೊಸದಲ್ಲ. ಸಿಗಡಿ ಆಹಾರ, ಖನಿಜ ಮಿಶ್ರಣ, ಸುಣ್ಣ ಇವುಗಳ ಜೊತೆಯಲ್ಲಿಯೇ ಜಿಯೋಲೈಟ್ ಪುಡಿಯ ಚೀಲವೂ ಮಾರಾಟವಾಗುತ್ತದೆ. ಹೊಂಡದ ನೀರಿನಲ್ಲಿ ಸೇರಿಕೊಳ್ಳುವ ಅಮೋನಿಯಾವನ್ನು ಅದು ಹಿಡಿದಿಡುತ್ತದೆ ಎಂಬ ಭರವಸೆಯಿಂದ ಕೃಷಿಕರು ಅದನ್ನು ಎರಚುತ್ತಾರೆ. ಅದೇ ಹೆಸರಿನ ಪದಾರ್ಥವು 2021ರ ಮೇ ತಿಂಗಳಲ್ಲಿ ಇಟಲಿಯ ರೋಮ್ ನಗರದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನಗಳಲ್ಲಿ ಬಂದಿಳಿಯಿತು. ಕೋವಿಡ್ ಎರಡನೆಯ ಅಲೆಯ ಆ ದಿನಗಳಲ್ಲಿ ಆಸ್ಪತ್ರೆಗಳಿಗೆ ಆಮ್ಲಜನಕ ಒದಗಿಸುವ ಘಟಕಗಳಿಗೆ ಅದು ತುರ್ತಾಗಿ ಬೇಕಾಗಿತ್ತು. ಬಟ್ಟೆ ಒಗೆಯುವ ಪುಡಿಯಲ್ಲಿ ನೀರಿನ ಗಡಸುತನ ತಗ್ಗಿಸುವುದಕ್ಕೂ, ಮಂಗಳೂರಿನ ಎಂಆರ್‌ಪಿಎಲ್‌ನಂಥ ತೈಲ ಶುದ್ಧೀಕರಣಾಗಾರಗಳಲ್ಲಿ ಭಾರವಾದ ತೈಲವನ್ನು ಒಡೆಯುವುದಕ್ಕೂ ಬಳಕೆಯಾಗುವುದು ಇದೇ ಬಳಗದ ವಸ್ತು.

ಈಗ ಈ ಪದಾರ್ಥಕ್ಕೆ ಮತ್ತೊಂದು ಕೆಲಸ ಹಚ್ಚುವ ಪ್ರಯತ್ನ ಜಗತ್ತಿನ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಬಿಸಿಲಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್, ಮೀಥೇನ್ ಮೊದಲಾದ ಇಂಧನಗಳಾಗಿ ಪರಿವರ್ತಿಸುವುದೇ ಆ ಕೆಲಸ. ಹೊಗೆಯಿಂದ ಇಂಧನ, ಅದಕ್ಕೆ ಬೇಕಾದದ್ದು ಬಿಸಿಲು ಮತ್ತು ನೀರು ಮಾತ್ರ ಎಂದರೆ ಯಾವ ಉದ್ಯಮಿಯ ಕಿವಿಯಾದರೂ ನಿಮಿರುವುದು ಸಹಜ. ಕರಾವಳಿಯಲ್ಲಿ ಬಿಸಿಲಿಗೂ ನೀರಿಗೂ ಕೊರತೆಯಿಲ್ಲ. ಆದರೆ ಬಂಡವಾಳಕ್ಕೆ ಕೊರತೆಯಿದೆ. ಸಣ್ಣ ಉದ್ಯಮಿಯು ಮನೆ, ತೋಟಗಳನ್ನು ಅಡವಿಟ್ಟು ತಂದ ಹಣವನ್ನು ತೊಡಗಿಸುವ ಮೊದಲು ಈ ವಿಜ್ಞಾನ ಎಷ್ಟು ನಿಜ, ಅದರ ಲೆಕ್ಕ ಎಷ್ಟು ಗಟ್ಟಿ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅವಶ್ಯ. ವಿಜ್ಞಾನ ನಿಜವಾಗಿದ್ದೂ ಲೆಕ್ಕ ಕೂಡದಿರಬಹುದು ಎಂಬುದಕ್ಕೆ ಈ ವಿಷಯವೇ ಒಳ್ಳೆಯ ನಿದರ್ಶನ.

ಕುದಿಯುವ ಕಲ್ಲು

1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಟ್ ಒಂದು ಖನಿಜವನ್ನು ಕಾಯಿಸಿದಾಗ ಅದರಿಂದ ಹಬೆಯೆದ್ದು ಕುದಿಯುವಂತೆ ಕಂಡಿತು. ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂಬರ್ಥದ ಜಿಯೋಲೈಟ್ ಎಂಬ ಹೆಸರನ್ನು ಅವನು ಅದಕ್ಕೆ ಇಟ್ಟನು. ಕಲ್ಲಿನೊಳಗಿನ ಅತಿಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ್ದ ನೀರು ಹೊರಬರುತ್ತಿದ್ದುದೇ ಆ ಕುದಿತಕ್ಕೆ ಕಾರಣ.

ಜಿಯೋಲೈಟ್ ಎಂಬುದು ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳು ಜೇನುಹುಟ್ಟಿನಂತೆ ಹೆಣೆದುಕೊಂಡ ಪದಾರ್ಥ. ಅದರ ರಂಧ್ರಗಳ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಜರಡಿಯು ನುಚ್ಚನ್ನೂ ಅಕ್ಕಿಯನ್ನೂ ಬೇರ್ಪಡಿಸುವಂತೆ ಇದು ಅಣುಗಳನ್ನೇ ಬೇರ್ಪಡಿಸಬಲ್ಲದು. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ನಿಸರ್ಗದಲ್ಲಿ ನಲವತ್ತಕ್ಕೂ ಹೆಚ್ಚು ಬಗೆಯ ಜಿಯೋಲೈಟ್‌ಗಳು ದೊರೆಯುತ್ತವೆ. ಮಹಾರಾಷ್ಟ್ರದ ನಾಸಿಕ್, ಪುಣೆ ಸುತ್ತಲಿನ ಕಪ್ಪುಕಲ್ಲಿನ ಪ್ರದೇಶ ಇದಕ್ಕೆ ಜಗತ್ಪ್ರಸಿದ್ಧ. ಕಾರ್ಖಾನೆಗಳಲ್ಲಿ ತಯಾರಾಗುವ ಬಗೆಗಳು ಬೇರೆ. ಆದ್ದರಿಂದ ‘ಜಿಯೋಲೈಟ್’ ಎಂಬುದು ಒಂದೇ ಸರಕಿನ ಹೆಸರಲ್ಲ. ‘ಧಾನ್ಯ’ ಎಂದಂತೆ ಅದು ಒಂದು ಬಳಗದ ಹೆಸರು. ಹೊಂಡಕ್ಕೆ ಎರಚುವ ಪುಡಿಗೂ ಆಮ್ಲಜನಕ ಘಟಕದ ಗುಳಿಗೆಗೂ ಬೆಲೆಯಲ್ಲಿ, ಗುಣದಲ್ಲಿ ಅಜಗಜಾಂತರ ವ್ಯತ್ಯಾಸವಿದೆ.

ಬೆಳಕಿನಿಂದ ನಡೆಯುವ ಕ್ರಿಯೆ

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವನ್ನು ವೇಗವರ್ಧಕವೆನ್ನುತ್ತಾರೆ. ಬೆಳಕು ಬಿದ್ದಾಗ ಮಾತ್ರ ಆ ಕೆಲಸ ಮಾಡುವುದು ದ್ಯುತಿ ವೇಗವರ್ಧಕ, ಅರ್ಥಾತ್ ಫೋಟೋಕೆಟಲಿಸ್ಟ್. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಅವರು ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆಯಬಹುದೆಂದು ತೋರಿಸಿಕೊಟ್ಟರು. ಬಿಳಿ ಬಣ್ಣದ ಪೇಂಟಿಗೆ ಹಾಕುವ, ಕೇರಳದ ಚವರದಲ್ಲಿ ಕಡಲ ಮರಳಿನಿಂದ ತಯಾರಾಗುವ ಪುಡಿಯೇ ಈ ಟೈಟಾನಿಯಂ ಡೈಆಕ್ಸೈಡ್. 1979ರಲ್ಲಿ ಫುಜಿಶಿಮಾ ಮತ್ತು ಸಂಗಡಿಗರು ಇಂಥ ಪುಡಿಗಳನ್ನು ನೀರಿನಲ್ಲಿ ಕದಡಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಬೆಳಕು ಬೀರಿ ಅಲ್ಪ ಪ್ರಮಾಣದ ಮೆಥನಾಲ್ ಮೊದಲಾದವನ್ನು ಪಡೆದರು.

ಜಿಯೋಲೈಟ್ ಈ ಕಥೆಯನ್ನು ಪ್ರವೇಶಿಸಿದ್ದು 1990ರ ದಶಕದಲ್ಲಿ. ಒಸಾಕಾ ಪ್ರಿಫೆಕ್ಚರ್ ವಿಶ್ವವಿದ್ಯಾನಿಲಯದ ಮಸಕಾಝು ಅನ್ಪೊ ಮತ್ತು ಸಂಗಡಿಗರು ಟೈಟಾನಿಯಂ ಅನ್ನು ಪುಡಿಯಾಗಿ ಬಳಸದೆ, ಜಿಯೋಲೈಟಿನ ರಂಧ್ರಗಳೊಳಗೆ ಬಿಡಿಬಿಡಿಯಾಗಿ ಕೂರಿಸಿದರು. ಸಾಮಾನ್ಯ ಪುಡಿಯಿಂದ ಹೆಚ್ಚಾಗಿ ಮೀಥೇನ್ ಬರುತ್ತಿದ್ದರೆ, ಹೀಗೆ ಕೂರಿಸಿದ ಟೈಟಾನಿಯಂನಿಂದ ಮೆಥನಾಲಿನ ಪಾಲು ಹೆಚ್ಚಿತು. ಇಲ್ಲಿ ಜಿಯೋಲೈಟ್ ತಾನೇ ಬೆಳಕನ್ನು ದುಡಿಸಿಕೊಳ್ಳುವುದಿಲ್ಲ. ಅದು ಇಂಗಾಲದ ಡೈಆಕ್ಸೈಡನ್ನು ಹಿಡಿದು ತರುವ ಬಲೆಯೂ, ಟೈಟಾನಿಯಂಗೆ ಜಾಗ ಕೊಡುವ ಅಂಗಡಿಯೂ ಆಗುತ್ತದೆ. ಗಿರಾಕಿಯನ್ನು ಮಾಲಿನ ಬಳಿಗೇ ತಂದು ನಿಲ್ಲಿಸುವುದು ಅದರ ಸೇವೆ. ಇದು ನಿಜವಾದ, ಮೌಲಿಕವಾದ ವೈಜ್ಞಾನಿಕ ಸಾಧನೆ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಮೂರು ತೊಡಕುಗಳು

ಮೊದಲನೆಯದು ಬೆಳಕಿನ ತೊಡಕು. ಟೈಟಾನಿಯಂ ಡೈಆಕ್ಸೈಡ್ ಪುಡಿಯು ಅತಿನೇರಳೆ ಕಿರಣಗಳಿಗೆ ಮಾತ್ರ ಸ್ಪಂದಿಸುತ್ತದೆ. ಭೂಮಿಗೆ ತಲಪುವ ಬಿಸಿಲಿನಲ್ಲಿ ಆ ಕಿರಣಗಳ ಪಾಲು ನೂರಕ್ಕೆ ಸುಮಾರು ನಾಲ್ಕೈದು ಮಾತ್ರ. ಜಿಯೋಲೈಟಿನೊಳಗೆ ಬಿಡಿಯಾಗಿ ಕುಳಿತ ಟೈಟಾನಿಯಂ ಇನ್ನೂ ತೀಕ್ಷ್ಣವಾದ ಕಿರಣಗಳನ್ನು ಬೇಡುತ್ತದೆ. ಅವನ್ನು ಓಜೋನ್ ಪದರವು ಮೇಲೆಯೇ ತಡೆಯುತ್ತದೆ. ಪ್ರಯೋಗಶಾಲೆಗಳಲ್ಲಿ ಆ ಕಿರಣಗಳು ಬರುವುದು ವಿದ್ಯುತ್ ದೀಪಗಳಿಂದ. ಗೋಚರ ಬೆಳಕಿಗೂ ಸ್ಪಂದಿಸುವಂತೆ ಬೇರೆ ಲೋಹಗಳನ್ನು ಸೇರಿಸುವ ಸಂಶೋಧನೆ ನಡೆದಿದೆಯಾದರೂ, ದೀಪದ ಕೆಳಗೆ ಬಂದ ಫಲಿತಾಂಶವನ್ನು ಹೊನ್ನಾವರದ ಬಿಸಿಲಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಎರಡನೆಯದು ತೇವದ ತೊಡಕು. ಅಲ್ಯೂಮಿನಿಯಂ ಅಂಶ ಹೆಚ್ಚಿರುವ ಜಿಯೋಲೈಟ್‌ಗಳಿಗೆ ಇಂಗಾಲದ ಡೈಆಕ್ಸೈಡಿಗಿಂತ ನೀರಿನ ಮೇಲೆಯೇ ಒಲವು ಹೆಚ್ಚು. ಆರ್ದ್ರ ಹವೆಯಲ್ಲಿ ಅದರ ರಂಧ್ರಗಳೆಲ್ಲ ನೀರಿನಿಂದಲೇ ತುಂಬಿಹೋಗುತ್ತವೆ. ಮಳೆಗಾಲದಲ್ಲಿ ಉಪ್ಪು ನೀರಾಗುವ, ಗೋಡಂಬಿ ಮೆತ್ತಗಾಗುವ ಕರಾವಳಿಯ ಹವೆಯಲ್ಲಿ ಈ ತೊಡಕಿನ ತೀವ್ರತೆಯನ್ನು ಯಾರಿಗೂ ವಿವರಿಸಬೇಕಾಗಿಲ್ಲ. ವಿಪರ್ಯಾಸವೆಂದರೆ ಇಂಧನವಾಗಿ ಪರಿವರ್ತಿಸುವ ಕ್ರಿಯೆಗೆ ನೀರೂ ಬೇಕು. ಕಡಿಮೆಯಾದರೆ ಕ್ರಿಯೆ ನಡೆಯದು, ಹೆಚ್ಚಾದರೆ ಇಂಗಾಲದ ಡೈಆಕ್ಸೈಡಿಗೆ ಜಾಗವಿರದು.

ಮೂರನೆಯದು ಲೆಕ್ಕ ತಪಾಸಣೆಯ ತೊಡಕು. ಕೆಲವು ಜಿಯೋಲೈಟ್‌ಗಳನ್ನು ತಯಾರಿಸುವಾಗ ಸಾವಯವ ಪದಾರ್ಥಗಳನ್ನು ಅಚ್ಚಿನಂತೆ ಬಳಸಿ, ಬಳಿಕ ಅವನ್ನು ಸುಟ್ಟು ತೆಗೆಯುತ್ತಾರೆ. ಅದರಲ್ಲಿ ಚೂರುಪಾರು ಇಂಗಾಲ ಉಳಿದರೆ, ಬೆಳಕು ಬಿದ್ದಾಗ ಅದರಿಂದಲೇ ಮೀಥೇನ್ ಬರಬಹುದು. ಉತ್ಪನ್ನ ಬಂದದ್ದು ನಿಜ, ಆದರೆ ಹೊಗೆಯ ಇಂಗಾಲದಿಂದ ಬಂದದ್ದಲ್ಲ! ಖಾತೆಯಲ್ಲಿ ಜಮಾ ಕಂಡರೆ ಸಾಲದು, ಹಣ ಎಲ್ಲಿಂದ ಬಂತೆಂಬುದಕ್ಕೆ ವೋಚರ್ ಬೇಕು. ವಿಜ್ಞಾನಿಗಳಲ್ಲಿ ಆ ವೋಚರ್ ಎಂದರೆ ಇಂಗಾಲ-13 ಪರೀಕ್ಷೆ. ಸ್ವಲ್ಪ ಹೆಚ್ಚು ತೂಕದ ಇಂಗಾಲವಿರುವ ಡೈಆಕ್ಸೈಡನ್ನು ಹಾಯಿಸಿ, ಉತ್ಪನ್ನದಲ್ಲಿ ಅದೇ ಇಂಗಾಲ ಕಾಣಿಸುವುದೇ ಎಂದು ನೋಡುವುದು. ಈ ಪರೀಕ್ಷೆಯಿಲ್ಲದೆ ಹೇಳಿದ ಅಲ್ಪ ಪ್ರಮಾಣದ ಉತ್ಪನ್ನವನ್ನು ನಂಬಲು ಬಾರದು.

ಒಂದು ಚದರ ಮೀಟರಿನ ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಇಂಗಾಲದ ಡೈಆಕ್ಸೈಡ್ ಎಂಬುದು ಇಂಧನ ಉರಿದು ಉಳಿದ ಬೂದಿಯಿದ್ದಂತೆ. ಅದನ್ನು ಮತ್ತೆ ಇಂಧನವಾಗಿಸಲು ಉರಿದಾಗ ಹೊರಬಿದ್ದಷ್ಟು ಶಕ್ತಿಯನ್ನಾದರೂ ಮರಳಿ ಕೊಡಲೇಬೇಕು. ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಒಂದು ಕಿಲೋ ಮೆಥನಾಲ್ ಮಾಡಲು ಕನಿಷ್ಠ ಸುಮಾರು 6.3 ಯೂನಿಟ್ ಶಕ್ತಿ ಬೇಕು. ಯಾವ ವೇಗವರ್ಧಕವೂ ಈ ಸಾಲವನ್ನು ಮನ್ನಾ ಮಾಡಲಾರದು.

ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ 5 ಯೂನಿಟ್ ಬಿಸಿಲು ಬೀಳುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ನೂರಕ್ಕೆ ಒಂದರಷ್ಟು ಇಂಧನವಾಗಿ ಕೂಡಿಬಂದರೆ 0.05 ಯೂನಿಟ್, ಅಂದರೆ ಸುಮಾರು 8 ಗ್ರಾಂ ಮೆಥನಾಲ್. ಕಿಲೋಗೆ 30 ರೂಪಾಯಿಯೆಂದು ಲೆಕ್ಕ ಹಿಡಿದರೆ ದಿನದ ಸಂಪಾದನೆ 24 ಪೈಸೆ. ಅದೇ ಒಂದು ಚದರ ಮೀಟರಿನಲ್ಲಿ ಮಾರುಕಟ್ಟೆಯಲ್ಲಿ ದೊರೆಯುವ ಸೌರಫಲಕವಿಟ್ಟರೆ ದಿನಕ್ಕೆ ಸುಮಾರು 0.8 ಯೂನಿಟ್ ವಿದ್ಯುತ್ ಬರುತ್ತದೆ. ಯೂನಿಟ್ಟಿಗೆ 7 ರೂಪಾಯಿಯಂತೆ 5 ರೂಪಾಯಿ 60 ಪೈಸೆ ಉಳಿತಾಯ. ಒಂದೇ ಬಿಸಿಲಿನಿಂದ ದೊರೆಯುವ ಎರಡು ಆದಾಯಗಳ ನಡುವೆ ಇಪ್ಪತ್ತು ಪಟ್ಟಿಗೂ ಮಿಕ್ಕಿದ ಅಂತರ!

ಇಲ್ಲಿ ಹಿಡಿದ ನೂರಕ್ಕೆ ಒಂದು ಎಂಬ ಪ್ರಮಾಣವೇ ಉದಾರವಾದುದು. ಬಹುಪಾಲು ಪ್ರಯೋಗಗಳ ಫಲ ಅದಕ್ಕಿಂತ ಬಹಳ ಕೆಳಗಿದೆ. ಪ್ರಬಂಧಗಳಲ್ಲಿ ಉತ್ಪನ್ನವನ್ನು ಸಾಮಾನ್ಯವಾಗಿ ‘ಒಂದು ಗ್ರಾಂ ವೇಗವರ್ಧಕಕ್ಕೆ ಗಂಟೆಗೆ ಇಷ್ಟು ಮೈಕ್ರೋಮೋಲ್’ ಎಂದು ಹೇಳಲಾಗುತ್ತದೆ. ಉದಾಹರಣೆಗೆ 10 ಮೈಕ್ರೋಮೋಲ್ ಮೆಥನಾಲ್ ಎಂದಿದ್ದರೆ, ದಿನಕ್ಕೆ ಎಂಟು ಗಂಟೆ ಬೆಳಕಿನಲ್ಲಿ ಒಂದು ಕಿಲೋ ವೇಗವರ್ಧಕದಿಂದ ಎರಡೂವರೆ ಗ್ರಾಂ ಬರುತ್ತದೆ. ದಿನಕ್ಕೆ ಒಂದು ಕಿಲೋ ಮೆಥನಾಲ್ ಬೇಕೆಂದರೆ ಸುಮಾರು 390 ಕಿಲೋ ವೇಗವರ್ಧಕ ಬೇಕು. ಅದನ್ನೆಲ್ಲ ಬೆಳಕಿಗೆ ಹರಡಿಡಲು ಜಾಗವೂ ಬೇಕು. ಬಂದ ಮೆಥನಾಲನ್ನು ನೀರಿನಿಂದ ಬೇರ್ಪಡಿಸುವ ವೆಚ್ಚ ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ಮತ್ತೊಂದು ಬಗೆಯಲ್ಲಿ ನೋಡೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತದಡಿಯಿಂದ ಕಡಲಿಗಿಳಿದ ಬೋಟೊಂದು 100 ಲೀಟರ್ ಉರಿಸಿದರೆ 268 ಕಿಲೋ. ಅಷ್ಟನ್ನೂ ಒಂದೇ ದಿನದಲ್ಲಿ ಮೇಲಿನ ಉದಾರ ಪ್ರಮಾಣದಲ್ಲಿಯೇ ಮೆಥನಾಲ್ ಮಾಡಲು ಸುಮಾರು ಆರು ಎಕರೆ ಬಿಸಿಲು ಬೇಕು. ಆ ಮೆಥನಾಲನ್ನು ಉರಿಸಿದೊಡನೆ ಇಂಗಾಲವೆಲ್ಲ ಮತ್ತೆ ಗಾಳಿಗೇ ಸೇರುತ್ತದೆ.

ಬೆಂಗಳೂರಿನ ಪ್ರಯತ್ನ, ಒಂದು ಪಾಠ

ಈ ಕ್ಷೇತ್ರದಲ್ಲಿ ಕರ್ನಾಟಕ ಹಿಂದುಳಿದಿಲ್ಲವೆಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡವು ಜಿಯೋಲೈಟನ್ನೇ ಹೋಲುವ, ಲೋಹ ಮತ್ತು ಸಾವಯವ ಅಣುಗಳಿಂದ ಹೆಣೆದ ರಂಧ್ರಮಯ ಪದಾರ್ಥಗಳನ್ನು ಬಳಸಿ, ಬೆಳಕಿನಿಂದ ಇಂಗಾಲದ ಡೈಆಕ್ಸೈಡನ್ನು ಮೀಥೇನ್ ಆಗಿಸುವ ಸಂಶೋಧನೆ ನಡೆಸಿದೆ. 2022ರಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಇಂಗಾಲ ಸೆರೆ ಹಾಗೂ ಬಳಕೆಯ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಪ್ರಕಟಿಸಿದಾಗ ಒಂದು ಮುಂಬಯಿ ಐಐಟಿಗೆ, ಇನ್ನೊಂದು ಇದೇ ಸಂಸ್ಥೆಗೆ ದೊರೆಯಿತು.

ಅದೇ ಸಂಸ್ಥೆಯ ಸೆಬಾಸ್ಟಿಯನ್ ಪೀಟರ್ ಅವರ ನೇತೃತ್ವದ ‘ಬ್ರೀದ್’ ತಂಡವು ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ಮಾಡುವ ವೇಗವರ್ಧಕದೊಡನೆ ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಹತ್ತು ತಂಡಗಳಲ್ಲಿ ಒಂದಾಗಿ 2018ರಲ್ಲಿ ಆಯ್ಕೆಯಾಯಿತು. ಬಹುಮಾನಗಳು 2021ರಲ್ಲಿ ಪ್ರಕಟವಾದವು. ಗೆದ್ದ ಎರಡು ತಂಡಗಳೂ ಇಂಧನ ತಯಾರಿಸುವವಲ್ಲ. ಕೆನಡಾದ ಒಂದು, ಅಮೆರಿಕದ ಲಾಸ್ ಏಂಜಲೀಸ್ ವಿಶ್ವವಿದ್ಯಾನಿಲಯದ ಇನ್ನೊಂದು, ಎರಡೂ ಇಂಗಾಲದ ಡೈಆಕ್ಸೈಡನ್ನು ಕಾಂಕ್ರೀಟಿನೊಳಗೆ ಸೇರಿಸುವವು.

ಇದರಲ್ಲೊಂದು ಪಾಠವಿದೆ. ಇಂಗಾಲದ ಡೈಆಕ್ಸೈಡನ್ನು ಇಂಧನವಾಗಿಸುವುದೆಂದರೆ ದೇವಿಮನೆ ಘಟ್ಟದ ಮೇಲಕ್ಕೆ ಗಾಡಿ ತಳ್ಳಿದಂತೆ. ಹೆಜ್ಜೆಹೆಜ್ಜೆಗೂ ಶಕ್ತಿ ವೆಚ್ಚವಾಗುತ್ತದೆ. ಅದನ್ನು ಸುಣ್ಣದೊಡನೆ ಬೆರೆಸಿ ಕಲ್ಲಾಗಿಸುವುದೆಂದರೆ ಘಟ್ಟವಿಳಿದಂತೆ. ಕರಾವಳಿಯ ಹಿರಿಯರಿಗೆ ಈ ಕ್ರಿಯೆ ಅಪರಿಚಿತವಲ್ಲ. ಅಘನಾಶಿನಿ ಅಳಿವೆಯ ಚಿಪ್ಪಿಯನ್ನು ಸುಟ್ಟಾಗ, ಪ್ರತಿ 100 ಕಿಲೋ ಶುದ್ಧ ಸುಣ್ಣದಂಶದಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಆ ಸುಣ್ಣದಿಂದ ಮಾಡಿದ ಗಾರೆಯು ವರ್ಷಗಳ ಕಾಲ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಗಟ್ಟಿಯಾಗುತ್ತದೆ. ಹಳೆಯ ಮನೆಗಳ ಗೋಡೆ ಸದ್ದಿಲ್ಲದೆ ಮಾಡಿದ ಕೆಲಸವನ್ನೇ ಬಹುಮಾನಿತ ತಂಡಗಳು ವೇಗವಾಗಿ, ಅಳತೆಗೆ ಸಿಗುವಂತೆ ಮಾಡಿ ತೋರಿಸಿದವು.

ಇಂಧನದ ದಾರಿಯನ್ನೇ ಹಿಡಿದವರು ಕೂಡ ಸದ್ಯಕ್ಕೆ ಬೆಳಕಿನ ವೇಗವರ್ಧಕವನ್ನು ನೆಚ್ಚಿಲ್ಲ. ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ ಎನ್‌ಟಿಪಿಸಿ ಸಂಸ್ಥೆಯು 2022ರಲ್ಲಿ ಚಿಮಣಿಯ ಹೊಗೆಯಿಂದ ದಿನಕ್ಕೆ 20 ಟನ್ ಇಂಗಾಲದ ಡೈಆಕ್ಸೈಡ್ ಸೆರೆಹಿಡಿಯುವ ಘಟಕ ಸ್ಥಾಪಿಸಿ, 2024ರಲ್ಲಿ ಅದರಿಂದ ಮೆಥನಾಲ್ ತಯಾರಿಸಿತು. ಅಲ್ಲಿ ಬಳಸುವುದು ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕ. ಅಂಥ ಪ್ರಯೋಗಕ್ಕೆ ಬೇಕಾದ ಬಂಡವಾಳ ಸರ್ಕಾರಿ ಸ್ವಾಮ್ಯದ ಮಹಾಸಂಸ್ಥೆಯದು, ತಾಲ್ಲೂಕಿನ ಉದ್ಯಮಿಯದಲ್ಲ.

ಮೂರು ತಾಲ್ಲೂಕುಗಳಿಗೆ ಏನು?

ಇಂಗಾಲದ ಡೈಆಕ್ಸೈಡಿನ ವಿಷಯ ಈ ಭಾಗಕ್ಕೆ ದೂರದ್ದೆಂದು ಯಾರೂ ಹೇಳಲಾರರು. 2005-06ರ ಹೊತ್ತಿನ ಅತಿಬೃಹತ್ ವಿದ್ಯುತ್ ಯೋಜನೆಗಳ ಪಟ್ಟಿಯಲ್ಲಿ ಕುಮಟಾ ತಾಲ್ಲೂಕಿನ ತದಡಿಯ 4000 ಮೆಗಾವಾಟ್ ಕಲ್ಲಿದ್ದಲು ಸ್ಥಾವರವೂ ಇತ್ತು. ಅದು ನೂರಕ್ಕೆ ಎಂಬತ್ತರಷ್ಟು ಓಡಿದ್ದರೆ, ಯೂನಿಟ್ಟಿಗೆ 0.9 ಕಿಲೋದಂತೆ, ವರ್ಷಕ್ಕೆ ಎರಡೂವರೆ ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿತ್ತು. ಜನರ ವಿರೋಧದ ನಡುವೆ ಯೋಜನೆ ಕಾರ್ಯಗತವಾಗಲಿಲ್ಲ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹೊರಬಿಟ್ಟ ಮೇಲೆ ಪರಿವರ್ತಿಸುವುದಕ್ಕಿಂತ ಹೊರಬಿಡದಿರುವುದು ಅಗ್ಗ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಹವೆ ಕೆಟ್ಟರೆ ವ್ಯಾಪಾರ ಕೆಡುತ್ತದೆಂಬುದೂ ಇಲ್ಲಿನವರ ಅನುಭವ. 2022ರ ಆಗಸ್ಟ್ ಆರಂಭದ ಮಳೆಗೆ ಭಟ್ಕಳದ ಅಂಗಡಿಗಳಿಗೆ ನೀರು ನುಗ್ಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66 ಹಲವು ದಿನ ಮುಚ್ಚಿತು. ಒಂದೊಂದು ಮಳೆಗೂ ಒಂದೇ ಕಾರಣ ಹೇಳಲಾಗದಿದ್ದರೂ, ಕಾದ ಗಾಳಿ ಹೆಚ್ಚು ತೇವ ಹೊರುತ್ತದೆಂಬುದು ವಿಜ್ಞಾನದ ಸ್ಥಾಪಿತ ಸತ್ಯ. ಆದ್ದರಿಂದ ಇಂಗಾಲ ತಗ್ಗಿಸುವ ಕೆಲಸ ಬೇಡವೆಂಬುದು ಈ ಲೆಕ್ಕದ ತಾತ್ಪರ್ಯವಲ್ಲ. ಅದಕ್ಕಾಗಿ ತೊಡಗಿಸಿದ ರೂಪಾಯಿ ಸರಿಯಾದ ಕಡೆ ಹೋಗಬೇಕೆಂಬುದಷ್ಟೆ. ಗೋಡಂಬಿ ಕಾರ್ಖಾನೆ, ಅಕ್ಕಿ ಗಿರಣಿ, ಮಂಜುಗಡ್ಡೆ ಘಟಕಗಳ ಮಾಡಿನ ಮೇಲೆ ಸೌರಫಲಕ, ಬಾಯ್ಲರಿನ ಶಾಖ ಪೋಲಾಗದಂತೆ ತಡೆ, ಹಳೆಯ ಮೋಟಾರುಗಳ ಬದಲಾವಣೆ ಇವು ಅದೇ ರೂಪಾಯಿಗೆ ಹೆಚ್ಚು ಇಂಗಾಲ ಉಳಿಸುತ್ತವೆ. ಹಣವನ್ನೂ ಉಳಿಸುತ್ತವೆ.

ಜಿಯೋಲೈಟ್ ವ್ಯಾಪಾರ ಮಾಡುವವರೂ ಒಂದು ಅಂಶ ಗಮನಿಸಬೇಕು. ಸಿಹಿನೀರಿನಲ್ಲಿ ಅಮೋನಿಯಾ ಹಿಡಿಯುವ ಜಿಯೋಲೈಟಿನ ಶಕ್ತಿ ಉಪ್ಪುನೀರಿನಲ್ಲಿ ಬಹಳ ಕುಗ್ಗುತ್ತದೆ. ಉಪ್ಪಿನ ಸೋಡಿಯಂ ಅಂಶವೇ ಆ ಸ್ಥಾನಗಳನ್ನು ಆಕ್ರಮಿಸುವುದು ಇದಕ್ಕೆ ಕಾರಣ. ಹೊಂಡದ ನೀರಿನ ಉಪ್ಪಿನ ಪ್ರಮಾಣ ಕೇಳದೆ ಚೀಲ ಮಾರಿದರೆ ಇಂದಿನ ವ್ಯಾಪಾರವಾದೀತು, ನಾಳೆಯ ಗಿರಾಕಿ ಹೋದಾನು.

ಕೇಳಲೇಬೇಕಾದ ಪ್ರಶ್ನೆಗಳು

ಹೊಗೆಯಿಂದ ಇಂಧನ ಮಾಡುವ ಯೋಜನಾ ವರದಿ ಯಾರಾದರೂ ತಂದಿಟ್ಟಾಗ ಸಹಿ ಹಾಕುವ ಮೊದಲು ಇಷ್ಟನ್ನು ಕೇಳುವುದು ಕ್ಷೇಮ.

1. ಫಲಿತಾಂಶ ಬಂದದ್ದು ದೀಪದ ಬೆಳಕಿನಲ್ಲೋ, ಬಯಲಿನ ಬಿಸಿಲಿನಲ್ಲೋ?
2. ಬಳಸಿದ್ದು ಸಿಲಿಂಡರಿನ ಶುದ್ಧ ಅನಿಲವೋ, ತೇವವಿರುವ ಚಿಮಣಿಯ ಹೊಗೆಯೋ?
3. ಒಂದು ಚದರ ಮೀಟರಿಗೆ ದಿನಕ್ಕೆ ಎಷ್ಟು ಗ್ರಾಂ ಉತ್ಪನ್ನ?
4. ವೇಗವರ್ಧಕವು ಸತ್ವಗುಂದದೆ ಎಷ್ಟು ದಿನ ನಡೆಯಿತು?
5. ಇಂಗಾಲ-13 ಪರೀಕ್ಷೆಯ ವರದಿ ಇದೆಯೇ?
6. ಉತ್ಪನ್ನವನ್ನು ಬೇರ್ಪಡಿಸುವ ವೆಚ್ಚವನ್ನು ಸೇರಿಸಲಾಗಿದೆಯೇ?
7. ಕಾರ್ಬನ್ ಕ್ರೆಡಿಟ್ ಆದಾಯವನ್ನು ಹೊರಗಿಟ್ಟರೂ ಯೋಜನೆ ನಿಲ್ಲುವುದೇ?

ಕೊನೆಯ ಪ್ರಶ್ನೆ ವಿಶೇಷ ಮಹತ್ವದ್ದು. ಭಾರತದಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ 2023ರ ಜೂನ್‌ನಲ್ಲಿ ಅಧಿಸೂಚಿತವಾಗಿದೆಯಾದರೂ, ಅಂಗೀಕೃತ ವಿಧಾನ ಮತ್ತು ಸ್ವತಂತ್ರ ಪರಿಶೀಲನೆಯಿಲ್ಲದೆ ಕ್ರೆಡಿಟ್ ಹುಟ್ಟುವುದಿಲ್ಲ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಸುಂಕದ ಹೆಸರಿನಲ್ಲಿ ಹೆದರಿಸುವವರಿಗೂ ಉತ್ತರವಿದೆ. ಆ ಪಟ್ಟಿಯಲ್ಲಿರುವುದು ಸಿಮೆಂಟ್, ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ವಿದ್ಯುತ್ ಮತ್ತು ಜಲಜನಕ. ಗೋಡಂಬಿ, ಸಿಗಡಿ ಅದರಲ್ಲಿಲ್ಲ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ, ಆ ವರ್ಷದ ಖರ್ಚೆಂದೇ ಬರೆಯಬೇಕು. ಜಿಯೋಲೈಟ್ ವೇಗವರ್ಧಕದ ಸ್ಥಾನವೂ ಸದ್ಯಕ್ಕೆ ಆ ಅಂಕಣದಲ್ಲಿಯೇ.

ವಿಶ್ವವಿದ್ಯಾನಿಲಯಗಳೂ ಸರ್ಕಾರವೂ ಈ ಸಂಶೋಧನೆಗೆ ಹಣ ತೊಡಗಿಸುವುದು ಯುಕ್ತವೇ. 1972ರ ಬೀಜ ಮುಂದೊಂದು ದಿನ ಮರವಾಗಬಹುದು. ಗಿಡ ಫಲ ಬಿಡುವ ತನಕ ನೀರೆರೆಯುವ ಶಕ್ತಿಯಿರುವವರು ಎರೆಯಲಿ. ಕರಾವಳಿಯ ಸಣ್ಣ ಉದ್ಯಮಿಯು ಆ ಗಿಡದ ಮೇಲೆ ಕಣ್ಣಿಟ್ಟಿರಲಿ, ಆದರೆ ಮನೆಯ ಪತ್ರವನ್ನು ಅದರ ಬುಡದಲ್ಲಿ ಹೂಳುವುದು ಬೇಡ.